ಪೀಠ ಭದ್ರ, ಸಭೆ ಬರಿದು: ರೋನ್-ಆಲ್ಪ್ ಹೇಳುವ ಕಥೆ

2024ರ ಸೆಪ್ಟೆಂಬರ್ 5ರಂದು ಫ್ರಾನ್ಸ್‌ನಲ್ಲಿ ಇಬ್ಬರು ರಾಜಕಾರಣಿಗಳಿಗೆ ಎರಡು ಪೀಠಗಳು ದೊರೆತವು. ಪ್ಯಾರಿಸ್‌ನಲ್ಲಿ ರಾಷ್ಟ್ರಾಧ್ಯಕ್ಷ ಎಮಾನ್ಯುಯೆಲ್ ಮ್ಯಾಕ್ರಾನ್ ಅವರು ಮಿಶೆಲ್ ಬಾರ್ನಿಯೆ ಅವರನ್ನು ಪ್ರಧಾನಿಯನ್ನಾಗಿ ನೇಮಿಸಿದರು. ಅದೇ ದಿನ ಲಿಯಾನ್ ನಗರದಲ್ಲಿ ಓವೆರ್ನ್-ರೋನ್-ಆಲ್ಪ್ ಪ್ರಾಂತೀಯ ಪರಿಷತ್ತು ಫಾಬ್ರಿಸ್ ಪಾನ್‌ಕೂಕ್ ಅವರನ್ನು ತನ್ನ ಅಧ್ಯಕ್ಷರನ್ನಾಗಿ ಆರಿಸಿತು. ಇಬ್ಬರೂ ಆಲ್ಪ್ಸ್ ಪರ್ವತದ ಮಡಿಲಿನ ಸವೊಯ್ ಜಿಲ್ಲೆಯಲ್ಲಿ ರಾಜಕಾರಣ ಮಾಡಿದವರು. ಇಬ್ಬರೂ ಒಂದೇ ರಿಪಬ್ಲಿಕನ್ ಪಕ್ಷದವರು. ಬಾರ್ನಿಯೆ ಅವರ ಸರ್ಕಾರ ಮೂರು ತಿಂಗಳೂ ಪೂರೈಸಲಿಲ್ಲ. ಡಿಸೆಂಬರ್ 4ರಂದು ಎಡಪಕ್ಷಗಳು ತಂದ ಅವಿಶ್ವಾಸ ಗೊತ್ತುವಳಿಯ ಪರವಾಗಿ ಮರೀನ್ ಲೆ ಪೆನ್ ಅವರ ನ್ಯಾಷನಲ್ ರ‍್ಯಾಲಿ ಪಕ್ಷದ ಸದಸ್ಯರೂ ಮತ ಹಾಕಿದ್ದರಿಂದ ಅದು ಉರುಳಿತು. ಲಿಯಾನ್‌ನ ಪೀಠಕ್ಕೆ ಮಾತ್ರ ಅಂಥ ಯಾವ ಭಯವೂ ಇರಲಿಲ್ಲ. ಅಲ್ಲಿ ಬಹುಮತವನ್ನು ಚುನಾವಣಾ ಕಾನೂನೇ ಕಟ್ಟಿಕೊಟ್ಟಿತ್ತು.

ಈ ವ್ಯತ್ಯಾಸ ಆಕಸ್ಮಿಕವಲ್ಲ. ಬಾರ್ನಿಯೆ ಅವರನ್ನು ಕಾಡಿದ ಪ್ರಶ್ನೆಯೇ ಕಾಲು ಶತಮಾನದ ಹಿಂದೆ ಲಿಯಾನ್‌ನ ಸಭೆಯನ್ನೂ ಕಾಡಿತ್ತು. ಯಾರ ಮತದಿಂದ ಅಧಿಕಾರಕ್ಕೆ ಬರಬಹುದು, ಯಾರ ಮತದಿಂದ ಬರಬಾರದು ಎಂಬುದೇ ಆ ಪ್ರಶ್ನೆ. ಆಗ ಆ ಸಭೆಯ ಹೆಸರು ರೋನ್-ಆಲ್ಪ್ ಪ್ರಾಂತೀಯ ಪರಿಷತ್ತು. 2016ರ ಜನವರಿ 1ರಿಂದ ಅದು ಪಕ್ಕದ ಓವೆರ್ನ್ ಪ್ರಾಂತದೊಡನೆ ವಿಲೀನಗೊಂಡು ಪ್ರತ್ಯೇಕ ಅಸ್ತಿತ್ವ ಕಳೆದುಕೊಂಡಿದೆ. ಇಲ್ಲದಾದ ಒಂದು ಸಭೆಯ ನಾಯಕತ್ವದ ಕಥೆಯನ್ನು ಈಗ ಕೆದಕುವುದೇಕೆ ಎಂದು ಓದುಗರಿಗೆ ಅನ್ನಿಸಬಹುದು. ಆ ಪ್ರಶ್ನೆಗೆ ಫ್ರಾನ್ಸ್ ಅಂದು ಕಂಡುಕೊಂಡ ಉತ್ತರವನ್ನೇ ಇಡೀ ದೇಶದ ಸಂಸತ್ತಿಗೂ ಅನ್ವಯಿಸಬಹುದೇ ಎಂಬ ಚರ್ಚೆ ಅಲ್ಲಿ ನಡೆದಿದೆ. ಆದ್ದರಿಂದ ಆ ಉತ್ತರದ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡುವುದು ಅಗತ್ಯ.

ಮೊದಲು ಈ ಸಂಸ್ಥೆ ಎಂಥದೆಂದು ಹೇಳಬೇಕು. ಫ್ರಾನ್ಸ್‌ನ ಪ್ರಾಂತವೆಂದರೆ ನಮ್ಮ ರಾಜ್ಯವಲ್ಲ. ಅದಕ್ಕೆ ಶಾಸನ ಮಾಡುವ ಅಧಿಕಾರವಿಲ್ಲ, ಪೊಲೀಸರಿಲ್ಲ, ಮಂತ್ರಿಮಂಡಲವಿಲ್ಲ. ಅಧಿಕಾರದಲ್ಲಿ ಅದು ನಮ್ಮ ಜಿಲ್ಲಾ ಪಂಚಾಯಿತಿಗೆ ಹತ್ತಿರ, ವಿಸ್ತಾರ ಮತ್ತು ಪ್ರತಿಷ್ಠೆಯಲ್ಲಿ ರಾಜ್ಯಕ್ಕೆ ಹತ್ತಿರ. 1972ರಲ್ಲಿ ಪೊಂಪಿದು ಅವರ ಕಾಲದಲ್ಲಿ ಹುಟ್ಟಿದಾಗ ಪ್ರಾಂತಗಳು ಕೇವಲ ಯೋಜನಾ ಘಟಕಗಳಾಗಿದ್ದವು. ಕಡತಗಳೆಲ್ಲ ಕೇಂದ್ರ ಸರ್ಕಾರ ನೇಮಿಸಿದ ಪ್ರಿಫೆಕ್ಟ್ ಅವರ ಮೇಜಿನ ಮೇಲೆಯೇ ಇರುತ್ತಿದ್ದವು. 1982ರ ಮಾರ್ಚ್ 2ರ ವಿಕೇಂದ್ರೀಕರಣ ಕಾನೂನು ಆ ಕಡತಗಳನ್ನು ಪ್ರಿಫೆಕ್ಟ್‌ರಿಂದ ಪರಿಷತ್ತಿನ ಅಧ್ಯಕ್ಷರಿಗೆ ವರ್ಗಾಯಿಸಿತು. 1986ರಲ್ಲಿ ಜನರಿಂದ ನೇರ ಚುನಾವಣೆ ಆರಂಭವಾಯಿತು. ಹೈಸ್ಕೂಲು ಮುಗಿಸುವ ಹಂತದ ಲಿಸೆ ಶಾಲೆಗಳ ಕಟ್ಟಡ, ವೃತ್ತಿ ತರಬೇತಿ, ಆರ್ಥಿಕ ಅಭಿವೃದ್ಧಿಯ ನೆರವು ಪ್ರಾಂತದ ಪಾಲಿಗೆ ಬಂದವು. ಸ್ಥಳೀಯ ರೈಲು ಸಂಚಾರದ ಹೊಣೆಯನ್ನು ಪ್ರಾಂತಗಳಿಗೆ ವಹಿಸುವ ಪ್ರಯೋಗ 1997ರಲ್ಲಿ ಆರಂಭವಾದಾಗ ಆರಿಸಿಕೊಂಡ ಆರು ಪ್ರಾಂತಗಳಲ್ಲಿ ರೋನ್-ಆಲ್ಪ್ ಒಂದು.

ಇಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಪರಿಷತ್ತಿನ ಅಧ್ಯಕ್ಷರೇ ಸಭಾಪತಿಯೂ ಹೌದು, ಕಾರ್ಯಾಂಗದ ಮುಖ್ಯಸ್ಥರೂ ಹೌದು. ಕಾರ್ಯಸೂಚಿ ಸಿದ್ಧಪಡಿಸುವವರು, ಸಭೆ ನಡೆಸುವವರು, ತೀರ್ಮಾನವನ್ನು ಜಾರಿ ಮಾಡುವವರು, ಹಣ ಪಾವತಿಗೆ ಆದೇಶ ಕೊಡುವವರು ಎಲ್ಲವೂ ಒಬ್ಬರೇ. ನಮ್ಮಲ್ಲಿ ಮುಖ್ಯಮಂತ್ರಿ ಮತ್ತು ಸ್ಪೀಕರ್ ಇಬ್ಬರ ಕುರ್ಚಿಯಲ್ಲೂ ಒಬ್ಬರೇ ಕುಳಿತಂತೆ. ಅಂಥ ಪೀಠಕ್ಕೆ ಯಾರು ಬರುತ್ತಾರೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿರುತ್ತದೆ. 1981ರಲ್ಲಿ ರಾಷ್ಟ್ರಾಧ್ಯಕ್ಷ ಪದವಿ ಕಳೆದುಕೊಂಡ ವಲೇರಿ ಜಿಸ್ಕಾರ್ ದೆಸ್ತಾಂ ಅವರು 1986ರಿಂದ 2004ರವರೆಗೆ ಓವೆರ್ನ್‌ನ ಪ್ರಾಂತೀಯ ಅಧ್ಯಕ್ಷರಾಗಿ ಕುಳಿತರು. ಪ್ವಾತು-ಶಾರಾಂತ್ ಪ್ರಾಂತದ ಅಧ್ಯಕ್ಷರಾಗಿದ್ದ ಜಾನ್-ಪಿಯೆರ್ ರಫಾರಾಂ 2002ರಲ್ಲಿ ನೇರವಾಗಿ ಪ್ರಧಾನಿಯಾದರು. ಕೆಲವರಿಗೆ ಅದು ಇಳಿದ ಮೇಲಿನ ಆಸರೆ, ಕೆಲವರಿಗೆ ಏರುವ ಮೆಟ್ಟಿಲು.

ರೋನ್-ಆಲ್ಪ್ ಇವುಗಳಲ್ಲಿ ದೊಡ್ಡದು. ಎಂಟು ಜಿಲ್ಲೆಗಳು, 1999ರ ಜನಗಣತಿಯಂತೆ ಸುಮಾರು 56 ಲಕ್ಷ ಜನ, ಲಿಯಾನ್, ಗ್ರೆನೋಬಲ್, ಸೇಂಟ್ ಎಟಿಯೆನ್ ಮುಂತಾದ ಕೈಗಾರಿಕಾ ನಗರಗಳು. 157 ಸದಸ್ಯರ ಪರಿಷತ್ತು. 1988ರಿಂದ ಅದರ ಅಧ್ಯಕ್ಷರಾಗಿದ್ದವರು ಶಾರ್ಲ್ ಮಿಯೊನ್. ಆಲಂ ಜುಪೆ ಸಂಪುಟದಲ್ಲಿ 1995ರಿಂದ 1997ರವರೆಗೆ ರಕ್ಷಣಾ ಸಚಿವರಾಗಿದ್ದ ಅವರು ಯುಡಿಎಫ್ ಎಂಬ ನಡು-ಬಲಪಂಥೀಯ ಒಕ್ಕೂಟದ ಪ್ರಮುಖರಲ್ಲಿ ಒಬ್ಬರು.

1998ರ ಮಾರ್ಚ್ 15ರ ಚುನಾವಣೆ ನಡೆದದ್ದು ಹಳೆಯ ನಿಯಮದಂತೆ. ಜಿಲ್ಲಾವಾರು ಪಟ್ಟಿ, ಒಂದೇ ಸುತ್ತು, ಶೇ 5ರ ಗಡಿ ದಾಟಿದವರಿಗೆಲ್ಲ ಮತಗಳಿಗೆ ಅನುಗುಣವಾದ ಸ್ಥಾನ. ನ್ಯಾಯ ದೃಷ್ಟಿಯಿಂದ ಇದಕ್ಕಿಂತ ಸರಳವಾದ ಪದ್ಧತಿ ಇನ್ನೊಂದಿಲ್ಲ. ಆದರೆ ಫಲಿತಾಂಶ ಬಂದಾಗ ಎಡಕೂಟಕ್ಕಾಗಲಿ ಬಲಕೂಟಕ್ಕಾಗಲಿ ಬಹುಮತಕ್ಕೆ ಬೇಕಾದ 79 ಸ್ಥಾನಗಳ ಸಮೀಪಕ್ಕೂ ಬರಲಾಗಲಿಲ್ಲ. ನಡುವೆ ಜಾನ್-ಮರಿ ಲೆ ಪೆನ್ ಅವರ ನ್ಯಾಷನಲ್ ಫ್ರಂಟ್ 35 ಸ್ಥಾನಗಳೊಡನೆ ಕುಳಿತಿತ್ತು. ಪ್ರಾಂತದಲ್ಲಿ ಅದರ ಮುಂದಾಳು ಬ್ರೂನೊ ಗೊಲ್ನಿಶ್.

ಅಧ್ಯಕ್ಷರ ಆಯ್ಕೆಯ ನಿಯಮವನ್ನೂ ಹೇಳಬೇಕು. ಮತದಾನ ರಹಸ್ಯವಾದದ್ದು. ಮೊದಲೆರಡು ಸುತ್ತುಗಳಲ್ಲಿ ಸಂಪೂರ್ಣ ಬಹುಮತ ಬೇಕು. ಮೂರನೆಯ ಸುತ್ತಿನಲ್ಲಿ ಹೆಚ್ಚು ಮತ ಪಡೆದವರೇ ಗೆದ್ದಂತೆ. ಬಲಪಂಥೀಯರು ಫ್ರಂಟ್‌ನ ಮತವನ್ನು ಒಲ್ಲೆನೆಂದರೆ ಹಲವು ಪ್ರಾಂತಗಳಲ್ಲಿ ಪೀಠ ಎಡಪಕ್ಷಗಳ ಪಾಲಾಗುತ್ತಿತ್ತು. ಫ್ರಂಟ್ ಇದನ್ನು ಚೆನ್ನಾಗಿ ಅರಿತಿತ್ತು. ಅದು ಕೇಳಿದ ಬೆಲೆಯೂ ಮೇಲ್ನೋಟಕ್ಕೆ ತೀರಾ ಕಡಿಮೆ: ತೆರಿಗೆ ಏರಿಸಬಾರದು, ಭದ್ರತೆಗೆ ಆದ್ಯತೆ ಇರಬೇಕು, ಇಂಥ ಕೆಲವು ಮಾತುಗಳು. ವಲಸಿಗರ ವಿರುದ್ಧದ ತನ್ನ ಮುಖ್ಯ ಬೇಡಿಕೆಯನ್ನು ಅದು ಮೇಜಿನ ಮೇಲೆ ಇಡಲೇ ಇಲ್ಲ. ಪ್ರಾಂತದ ಆಯವ್ಯಯವನ್ನು ಬಲ್ಲವರಿಗೆ ಇದರ ಮರ್ಮ ತಿಳಿಯುತ್ತದೆ. ಶಾಲಾ ಕಟ್ಟಡ, ರೈಲು, ತರಬೇತಿ ಇವುಗಳ ವೆಚ್ಚ ಮೊದಲೇ ನಿಗದಿಯಾಗಿರುವುದರಿಂದ ಚೌಕಾಶಿಗೆ ಉಳಿಯುವ ಹಣ ಅಲ್ಪ. ಫ್ರಂಟ್‌ಗೆ ಬೇಕಾಗಿದ್ದುದು ಹಣವಲ್ಲ, ಪಂಕ್ತಿಯಲ್ಲಿ ಒಂದು ಎಲೆ. ಬೆಲೆ ಕಡಿಮೆ ಕೇಳುವ ವ್ಯಾಪಾರಿ ಮುಂದಿನ ವ್ಯಾಪಾರಕ್ಕಾಗಿ ಬಂದಿರುತ್ತಾನೆ.

ಮಾರ್ಚ್ 20ರ ಶುಕ್ರವಾರ ಐದು ಪ್ರಾಂತಗಳಲ್ಲಿ ಯುಡಿಎಫ್ ನಾಯಕರು ಫ್ರಂಟ್ ಸದಸ್ಯರ ಮತಗಳ ನೆರವಿನಿಂದ ಅಧ್ಯಕ್ಷರಾದರು. ರೋನ್-ಆಲ್ಪ್‌ನಲ್ಲಿ ಮಿಯೊನ್, ಲಾಂಗ್‌ಡಾಕ್-ರೂಸಿಯೋಂನಲ್ಲಿ ಜಾಕ್ ಬ್ಲಾಂ, ಪಿಕಾರ್ಡಿಯಲ್ಲಿ ಶಾರ್ಲ್ ಬೋರ್, ಬರ್ಗಂಡಿಯಲ್ಲಿ ಜಾನ್-ಪಿಯೆರ್ ಸ್ವಾಸೊನ್, ಸಾಂತ್ರ್‌ನಲ್ಲಿ ಬರ್ನಾರ್ ಆರಾಂ. ಇದು ಮೊದಲನೆಯ ಬಾರಿಯೇನೂ ಆಗಿರಲಿಲ್ಲ. 1986ರಲ್ಲಿ ಬ್ಲಾಂ ಅವರು ಇದೇ ಮತಗಳಿಂದ ಪೀಠವೇರಿದ್ದರು, ದಕ್ಷಿಣದ ಮಾರ್ಸೇಯಲ್ಲೂ ಫ್ರಂಟ್ ಜೊತೆ ಹೊಂದಾಣಿಕೆ ನಡೆದಿತ್ತು. ಆದರೆ 1998ರಲ್ಲಿ ಪಕ್ಷಗಳ ರಾಷ್ಟ್ರೀಯ ನಾಯಕತ್ವ ಇದನ್ನು ಸ್ಪಷ್ಟವಾಗಿ ನಿಷೇಧಿಸಿತ್ತು. ಯುಡಿಎಫ್ ಅಧ್ಯಕ್ಷ ಫ್ರಾನ್ಸ್ವಾ ಲಿಯೋತಾರ್ ಐವರನ್ನೂ ಅಮಾನತುಗೊಳಿಸಿದರು. ಮಾರ್ಚ್ 23ರಂದು ರಾಷ್ಟ್ರಾಧ್ಯಕ್ಷ ಜಾಕ್ ಶಿರಾಕ್ ದೂರದರ್ಶನದಲ್ಲಿ ಮಾತನಾಡಿ ಫ್ರಂಟ್ ಜನಾಂಗದ್ವೇಷಿ ಪಕ್ಷವೆಂದೂ ಅದರ ಮತದಿಂದ ಪೀಠ ಹಿಡಿಯುವುದು ತಪ್ಪೆಂದೂ ಖಂಡಿಸಿದರು. ಲಿಯಾನ್‌ನ ಬೀದಿಗಳಲ್ಲಿ ಪ್ರತಿಭಟನೆಗಳು ನಡೆದವು.

ಮಿಯೊನ್ ಅವರ ಸಮರ್ಥನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ರಹಸ್ಯ ಮತದಾನದಲ್ಲಿ ಬಂದ ಮತವನ್ನು ಹಿಂದಿರುಗಿಸುವುದು ಹೇಗೆ? ನಾನು ನನ್ನ ಕಾರ್ಯಕ್ರಮವನ್ನು ಮುಂದಿಟ್ಟೆ, ಒಪ್ಪಿದವರು ಮತ ಕೊಟ್ಟರು, ಯಾರೊಡನೆಯೂ ಒಪ್ಪಂದವಿಲ್ಲ ಎಂಬುದು ಅವರ ವಾದದ ತಿರುಳು. ‘ಹೊರಗಿನಿಂದ ಬೆಂಬಲ’ ಎಂಬ ನುಡಿಗಟ್ಟಿನೊಡನೆ ಬೆಳೆದ ನಮಗೆ ಈ ವಾದ ಅಪರಿಚಿತವಲ್ಲ. ಮತವನ್ನು ನಿರಾಕರಿಸಲಾಗದು ಎಂಬುದು ನಿಜ. ಆದರೆ ಪದವಿಯನ್ನು ನಿರಾಕರಿಸಬಹುದಲ್ಲ! ಸಾಂತ್ರ್‌ನ ಆರಾಂ ಕೆಲವೇ ದಿನಗಳಲ್ಲಿ ರಾಜೀನಾಮೆ ಕೊಟ್ಟು ಅದನ್ನು ತೋರಿಸಿದರು. ಪ್ಯಾರಿಸ್ ಸುತ್ತಲಿನ ಈಲ್-ದ-ಫ್ರಾನ್ಸ್ ಪ್ರಾಂತದಲ್ಲಿ ಮಾಜಿ ಪ್ರಧಾನಿ ಎದುವಾರ್ ಬಲಾದೂರ್ ಫ್ರಂಟ್‌ನ ಮತ ಬೇಡವೆಂದು ಹಿಂದೆ ಸರಿದರು. ಪೀಠ ಸಮಾಜವಾದಿ ಜಾನ್-ಪೋಲ್ ಯೂಶೋಂ ಅವರಿಗೆ ಹೋಯಿತು. ದೇಶದ ಅತಿ ಶ್ರೀಮಂತ ಪ್ರಾಂತವನ್ನು ಬಲಾದೂರ್ ಹಾಗೆ ಬಿಟ್ಟುಕೊಟ್ಟದ್ದು ಆಗ ಅವರ ಪಕ್ಷದವರಿಗೇ ಎಲ್ಲರಿಗೂ ರುಚಿಸಿರಲಾರದು. ನನ್ನ ದೃಷ್ಟಿಯಲ್ಲಿ ಆ ವಾರದ ಅತ್ಯಂತ ಘನವಾದ ನಡೆ ಅದು.

ಮಿಯೊನ್ ಹಿಂದೆ ಸರಿಯಲಿಲ್ಲ. ಏಪ್ರಿಲ್‌ನಲ್ಲಿ ‘ಲಾ ದ್ರ್ವಾತ್’, ಅಂದರೆ ‘ಬಲಪಂಥ’ ಎಂಬ ಹೆಸರಿನ ಸ್ವಂತ ಚಳವಳಿ ಕಟ್ಟಿದರು. ಅವರನ್ನು ಕೆಳಗಿಳಿಸಿದ್ದು ಕೊನೆಗೆ ಪಕ್ಷವೂ ಅಲ್ಲ, ಪ್ರತಿಭಟನೆಯೂ ಅಲ್ಲ. 1998ರ ಡಿಸೆಂಬರ್‌ನಲ್ಲಿ ಆಡಳಿತ ವ್ಯಾಜ್ಯಗಳ ಅತ್ಯುನ್ನತ ನ್ಯಾಯಪೀಠವಾದ ಕೌನ್ಸಿಲ್ ಆಫ್ ಸ್ಟೇಟ್ ಅವರ ಆಯ್ಕೆಯನ್ನು ರದ್ದುಪಡಿಸಿತು. ಕಾರಣ ಕೇಳಿದರೆ ಅಚ್ಚರಿಯಾಗುತ್ತದೆ. ಹೊಸ ಪರಿಷತ್ತಿನ ಮೊದಲ ಸಭೆಯನ್ನು ಅಧ್ಯಕ್ಷರ ಆಯ್ಕೆಯಾಗುವವರೆಗೆ ವಯಸ್ಸಿನಲ್ಲಿ ಹಿರಿಯ ಸದಸ್ಯರು ನಡೆಸಬೇಕು, ಆ ಹೊತ್ತಿನಲ್ಲಿ ಯಾವ ಚರ್ಚೆಯೂ ನಡೆಯಕೂಡದು ಎಂಬುದು ನಿಯಮ. ಅಂದು ಚರ್ಚೆ ನಡೆದುಬಿಟ್ಟಿತ್ತು. ಆಡಳಿತದಲ್ಲಿ ದುಡಿದವರಿಗೆ ಇದು ಗೊತ್ತಿರುವ ಸಂಗತಿ: ಶುಷ್ಕವಾಗಿ ಕಾಣುವ ಪ್ರತಿಯೊಂದು ಕಲಮಿನ ಹಿಂದೆಯೂ ಯಾವುದೋ ಹಳೆಯ ಜಗಳವಿರುತ್ತದೆ, ಮುಂದಿನ ಯಾವುದೋ ಜಗಳಕ್ಕೆ ಅದು ಕಾದಿರುತ್ತದೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ಕೆಲವರು ಆ ತೀರ್ಪನ್ನು ಟೀಕಿಸಬಹುದು. ನಾನಂತೂ ಒಪ್ಪುವುದಿಲ್ಲ. ಯಾವ ಮೈತ್ರಿ ಶುದ್ಧ, ಯಾವುದು ಅಶುದ್ಧ ಎಂದು ನ್ಯಾಯಾಧೀಶರು ಹೇಳತೊಡಗಿದರೆ ಸಭೆಗಳಿಗೆ ಉಳಿಯುವ ಕೆಲಸವೇನು? ಅದೇ ಡಿಸೆಂಬರ್‌ನಲ್ಲಿ ಫ್ರಂಟ್ ಕೂಡ ಲೆ ಪೆನ್ ಮತ್ತು ಬ್ರೂನೊ ಮೆಗ್ರೆ ಬಣಗಳಾಗಿ ಒಡೆಯಿತು. ಬಲಪಂಥದೊಡನೆ ಕೈಜೋಡಿಸುವ ತಂತ್ರವನ್ನು ಮುಖ್ಯವಾಗಿ ಪ್ರತಿಪಾದಿಸುತ್ತಿದ್ದವರು ಮೆಗ್ರೆಯೇ.

1999ರ ಜನವರಿಯಲ್ಲಿ ಮತ್ತೆ ಅಧ್ಯಕ್ಷರ ಆಯ್ಕೆ ನಡೆಯಿತು. ಮಾರ್ಚ್‌ನಿಂದ ಜನವರಿಯವರೆಗೆ ಮತದಾರರ ತೀರ್ಪು ಬದಲಾಗಿರಲಿಲ್ಲ, ಸದಸ್ಯರೂ ಅವರೇ 157 ಮಂದಿ. ಆದರೆ ಈ ಬಾರಿ ಎಡಪಕ್ಷಗಳು ತಮ್ಮವರೊಬ್ಬರನ್ನು ಗೆಲ್ಲಿಸುವ ಪಟ್ಟು ಬಿಟ್ಟು, ಯುಡಿಎಫ್‌ನಲ್ಲಿದ್ದ ಮಿಯೊನ್ ವಿರೋಧಿ ಗುಂಪಿನ ಆನ್-ಮರೀ ಕೊಂಪಾರಿನಿ ಅವರಿಗೆ ಮತ ಹಾಕಿದವು. ಮಾಜಿ ಪ್ರಧಾನಿ, ಆಗ ಲಿಯಾನ್‌ನ ಮೇಯರ್ ಆಗಿದ್ದ ರೇಮಂಡ್ ಬಾರ್ ಅವರ ಒಡನಾಡಿ ಆಕೆ. ಎದುರಾಳಿಗಳ ಮತದಿಂದ ಪೀಠವೇರುವುದು ತಪ್ಪಾದರೆ ಈಕೆ ಮಾಡಿದ್ದೇನು ಎಂದು ಮಿಯೊನ್ ಬೆಂಬಲಿಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಇಲ್ಲಿ ಮತ ಕೊಟ್ಟವರು ಯಾರು, ಏಕೆ ಕೊಟ್ಟರು ಎಂಬುದು ಬಹಿರಂಗವಾಗಿತ್ತು. ಅಲ್ಲಿ ಪಡೆದವರೇ ‘ಒಪ್ಪಂದವಿಲ್ಲ’ ಎನ್ನುತ್ತಿದ್ದರು. ಮರೆಯಲ್ಲಿ ಪಡೆದ ಸಾಲಕ್ಕೂ ಪತ್ರ ಬರೆದುಕೊಟ್ಟು ಪಡೆದ ಸಾಲಕ್ಕೂ ಇರುವಷ್ಟೇ ವ್ಯತ್ಯಾಸ. ಅದು ಸಣ್ಣದಲ್ಲ.

ಸ್ವಂತ ಬಹುಮತವಿಲ್ಲದೆ ಕೊಂಪಾರಿನಿ ಐದು ವರ್ಷ ಆ ಪೀಠದಲ್ಲಿ ಕುಳಿತರು. ಪ್ರತಿ ಆಯವ್ಯಯಕ್ಕೂ ಮತ ಹೊಂದಿಸಬೇಕು, ಒಂದು ಕಡೆ ಎಡಪಕ್ಷಗಳ ಮರ್ಜಿ, ಇನ್ನೊಂದು ಕಡೆ ಸ್ವಂತ ಬಲಪಂಥದವರ ಮುನಿಸು. ಅತ್ತ ದರಿ, ಇತ್ತ ಪುಲಿ. 1998ರ ಮಾರ್ಚ್ 7ರ ಕಾನೂನು ಒಂದಿಷ್ಟು ಆಸರೆ ಕೊಟ್ಟಿತ್ತು. ಆಯವ್ಯಯ ತಿರಸ್ಕೃತವಾದರೆ ಅಧ್ಯಕ್ಷರು ತಿದ್ದಿದ ಪ್ರತಿಯನ್ನು ತರಬಹುದು, ವಿರೋಧಿಗಳು ತಮ್ಮದೇ ಪರ್ಯಾಯ ಆಯವ್ಯಯವನ್ನು ಮುಂದಿಟ್ಟು ಬಹುಮತದಿಂದ ಸೋಲಿಸದಿದ್ದರೆ ಅದು ಅಂಗೀಕೃತವಾದಂತೆ. ಬೇಡವೆನ್ನುವವರು ಬೇಕಾದದ್ದನ್ನೂ ಹೇಳಬೇಕೆಂಬ ಈ ನಿಯಮ ನನ್ನನ್ನು ಕೇಳಿದರೆ ಆ ವರ್ಷಗಳಲ್ಲಿ ಫ್ರಾನ್ಸ್ ಮಾಡಿದ ಸುಧಾರಣೆಗಳಲ್ಲೆಲ್ಲ ಹೆಚ್ಚು ವಿವೇಕದ್ದು. ಸಭೆಯ ಬಾಯಿ ಕಟ್ಟದೆ ಆಡಳಿತ ನಿಲ್ಲದಂತೆ ನೋಡಿಕೊಂಡಿತು. ಕೊಂಪಾರಿನಿ ತಮ್ಮ ಅವಧಿ ಪೂರೈಸಿದರು ಎಂಬುದೇ ಅದರ ಸಾಕ್ಷಿ. ಆದರೆ ಈ ಐದು ವರ್ಷಗಳನ್ನು ಯಾರೂ ಮಾದರಿಯೆಂದು ಸ್ಮರಿಸುವುದಿಲ್ಲ. ಹೊಂದಾಣಿಕೆಯ ಆಡಳಿತಕ್ಕೆ ಸ್ಮಾರಕ ಕಟ್ಟುವವರು ಎಲ್ಲಿಯೂ ಇಲ್ಲ.

ಪ್ಯಾರಿಸ್ ಆರಿಸಿಕೊಂಡದ್ದು ಬೇರೆ ದಾರಿ. ಕೊಂಪಾರಿನಿ ಆಯ್ಕೆಯಾದ ತಿಂಗಳಲ್ಲೇ, 1999ರ ಜನವರಿ 19ರಂದು, ಪ್ರಾಂತೀಯ ಚುನಾವಣೆಯ ವಿಧಾನವನ್ನೇ ಬದಲಿಸುವ ಕಾನೂನು ಬಂತು. ಎರಡು ಸುತ್ತುಗಳ ಮತದಾನ, ಮೊದಲ ಸ್ಥಾನ ಪಡೆದ ಪಟ್ಟಿಗೆ ಒಟ್ಟು ಸ್ಥಾನಗಳ ಕಾಲು ಭಾಗ ಬೋನಸ್ ಆಗಿ, ಉಳಿದ ಮುಕ್ಕಾಲು ಭಾಗ ಎಲ್ಲರಿಗೂ ಮತಗಳಿಗನುಗುಣವಾಗಿ ಹಂಚಿಕೆ. 2003ರಲ್ಲಿ ರಫಾರಾಂ ಸರ್ಕಾರ ಎರಡನೆಯ ಸುತ್ತಿಗೆ ಹೋಗುವ ಗಡಿಯನ್ನು ಏರಿಸಹೊರಟಿತು. ನೋಂದಾಯಿತ ಮತದಾರರ ಶೇ 10 ಎಂಬ ಷರತ್ತನ್ನು ಸಂವಿಧಾನ ಪರಿಷತ್ತು ಪ್ರಕ್ರಿಯೆಯ ದೋಷದ ಮೇಲೆ ತಳ್ಳಿಹಾಕಿದ್ದರಿಂದ, ಚಲಾಯಿತ ಮತಗಳ ಶೇ 10 ಎಂಬುದು ಉಳಿಯಿತು. ಮತ್ತೆ ಪ್ರಕ್ರಿಯೆ!

ಬೋನಸ್ ಹೇಗೆ ಕೆಲಸ ಮಾಡುತ್ತದೆಂದು ರೋನ್-ಆಲ್ಪ್‌ನ 157 ಸ್ಥಾನಗಳಲ್ಲೇ ನೋಡೋಣ. ಕಾಲು ಭಾಗವೆಂದರೆ 40. ಉಳಿದ 117ರಲ್ಲಿ ಶೇ 45 ಮತ ಪಡೆದ ಪಟ್ಟಿಗೆ ಸುಮಾರು 53. ಒಟ್ಟು 93, ಅಂದರೆ ನಿರಾತಂಕ ಬಹುಮತ. ಮೂರನೆಯವರ ಬಳಿ ಹೋಗಿ ಕೈಯೊಡ್ಡುವ ಪ್ರಮೇಯವೇ ಇಲ್ಲ. 2004ರಲ್ಲಿ ಈ ಪದ್ಧತಿ ಮೊದಲ ಬಾರಿಗೆ ಜಾರಿಗೆ ಬಂದಾಗ ಎಡಪಕ್ಷಗಳು ಫ್ರಾನ್ಸ್‌ನ ಒಳನಾಡಿನ 22 ಪ್ರಾಂತಗಳಲ್ಲಿ 20ನ್ನು ಗೆದ್ದವು. ರೋನ್-ಆಲ್ಪ್‌ನಲ್ಲಿ ಮಾಜಿ ಸಚಿವ ಜಾನ್-ಜಾಕ್ ಕೇರಾನ್ ಅವರು ಕೊಂಪಾರಿನಿ ಅವರನ್ನು ಸೋಲಿಸಿ ಅಧ್ಯಕ್ಷರಾದರು. ಓವೆರ್ನ್‌ನಲ್ಲಿ ಜಿಸ್ಕಾರ್ ಸೋತರು. 1998ರಲ್ಲಿ ಫ್ರಂಟ್ ಮತದಿಂದ ಬಂದು ಅಲ್ಲಿಯವರೆಗೂ ಕುಳಿತಿದ್ದ ಬ್ಲಾಂ, ಬೋರ್, ಸ್ವಾಸೊನ್ ಮೂವರ ಅಧಿಕಾರವೂ ಮುಗಿಯಿತು. ಪಟ್ಟಿಯಲ್ಲಿ ಪುರುಷ-ಮಹಿಳೆ ಒಬ್ಬರಾದ ಮೇಲೊಬ್ಬರು ಬರಬೇಕೆಂಬ ನಿಯಮದಿಂದ ಸದಸ್ಯರಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಾದರು. ಆದರೆ ಒಳನಾಡಿನ ಪ್ರಾಂತಗಳ ಅಧ್ಯಕ್ಷರಲ್ಲಿ ಮಹಿಳೆ ಸೆಗೊಲೆನ್ ರೊಯಾಲ್ ಒಬ್ಬರೇ. ಪೀಠದ ವಿಷಯದಲ್ಲಿ ಗಂಡಸರು ಎಲ್ಲ ದೇಶದಲ್ಲೂ ಜಾಗರೂಕರು.

ಕೇರಾನ್ 2004ರಿಂದ 2015ರವರೆಗೆ, ಒಮ್ಮೆ ಮರುಆಯ್ಕೆಯಾಗಿ, ಆ ಪೀಠದಲ್ಲಿದ್ದರು. ಅವರ ಕಾಲದಲ್ಲಿ, 2011ರಲ್ಲಿ, ಪರಿಷತ್ತು ಲಿಯಾನ್ ಹೊರವಲಯದ ಶಾರ್ಬೊನಿಯೇರ್‌ನಿಂದ ಎರಡು ನದಿಗಳ ಸಂಗಮದ ಬಳಿ ವಾಸ್ತುಶಿಲ್ಪಿ ಕ್ರಿಸ್ಚಿಯನ್ ದ ಪೋರ್ಟ್‌ಜಾಂಪಾರ್ಕ್ ವಿನ್ಯಾಸಗೊಳಿಸಿದ ಹೊಸ ಭವನಕ್ಕೆ ಬಂತು. ಭವನ ದೊಡ್ಡದಾಯಿತು, ಸಭೆಯ ತೂಕ ಇಳಿಯಿತು. ಬಹುಮತ ಮೊದಲೇ ಖಚಿತವಾಗಿರುವ ಸಭೆಯಲ್ಲಿ ಭಾಷಣಗಳಿಂದ ಯಾವ ಮತವೂ ಬದಲಾಗುವುದಿಲ್ಲ. ಅನುದಾನಗಳ ದೈನಂದಿನ ತೀರ್ಮಾನಗಳು ಸ್ಥಾಯಿ ಆಯೋಗದಲ್ಲಿ ಆಗುತ್ತವೆ. ಇದಕ್ಕೆ ಕೇರಾನ್ ಅವರನ್ನಾಗಲಿ ಅವರ ನಂತರದವರನ್ನಾಗಲಿ ದೂರುವುದು ಸರಿಯಲ್ಲ. ಪದ್ಧತಿಯೇ ಹಾಗಿದೆ.

ಹಣಕಾಸಿನ ಕಡೆಯಿಂದಲೂ ಇದೇ ಕಾಲದಲ್ಲಿ ಸಭೆಯ ಬುಡ ಸಡಿಲವಾಯಿತು. 2010ರಲ್ಲಿ ಉದ್ಯಮಗಳ ಮೇಲಿನ ವೃತ್ತಿ ತೆರಿಗೆ ರದ್ದಾದಾಗ ಪ್ರಾಂತಗಳು ತಾವೇ ದರ ನಿಗದಿಪಡಿಸುತ್ತಿದ್ದ ತಮ್ಮ ಮುಖ್ಯ ತೆರಿಗೆಯನ್ನು ಕಳೆದುಕೊಂಡವು, ಜೊತೆಗೆ ಕಟ್ಟಡ ಮತ್ತು ಜಮೀನುಗಳ ಮೇಲಿನ ಆಸ್ತಿ ತೆರಿಗೆಯ ಪಾಲೂ ಹೋಯಿತು. 2018ರಿಂದ ಕೇಂದ್ರದ ಅನುದಾನದ ಬದಲಿಗೆ, 2021ರಿಂದ ಉದ್ಯಮಗಳ ಮೌಲ್ಯವರ್ಧನೆಯ ಮೇಲಿನ ತೆರಿಗೆಯ ಬದಲಿಗೆ, ರಾಷ್ಟ್ರೀಯ ವ್ಯಾಟ್‌ನ ಒಂದು ಪಾಲು ಬರುತ್ತಿದೆ. ಪ್ರಾಂತದ ಕೈಯಲ್ಲಿ ಈಗ ಉಳಿದಿರುವ ದರ ನಿಗದಿಯ ಅಧಿಕಾರವೆಂದರೆ ಹೆಚ್ಚುಕಡಿಮೆ ವಾಹನ ನೋಂದಣಿ ಶುಲ್ಕ ಮಾತ್ರ. ತೆರಿಗೆ ಹಾಕುವ ಅಧಿಕಾರವಿಲ್ಲದ ಸಭೆ ಖರ್ಚಿನ ಪಟ್ಟಿಗೆ ಸಹಿ ಹಾಕುವ ಸಭೆ. 1998ರಲ್ಲಿ ಫ್ರಂಟ್ ‘ತೆರಿಗೆ ಏರಿಸಬಾರದು’ ಎಂದು ಷರತ್ತು ಹಾಕಿತ್ತು. ಇಂದು ಅಂಥ ಷರತ್ತು ಹಾಕುವವರಿಗೆ ಏರಿಸಲು ಏನಿದೆಯೆಂದು ತಿರುಗಿ ಕೇಳಬೇಕಾದೀತು.

2015ರ ಜನವರಿಯ ಕಾನೂನು 22 ಪ್ರಾಂತಗಳನ್ನು 13ಕ್ಕೆ ಇಳಿಸಿತು. ರೋನ್-ಆಲ್ಪ್ ಮತ್ತು ಓವೆರ್ನ್ ಸೇರಿ ಸುಮಾರು 70,000 ಚದರ ಕಿ.ಮೀ. ವಿಸ್ತಾರದ, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ತುಸು ದೊಡ್ಡದಾದ, ಪ್ರಾಂತವಾಯಿತು. ಸದಸ್ಯರು 204. ಕ್ಲೆರ್ಮಾಂ-ಫೆರಾಂ ನಗರಕ್ಕಿದ್ದ ರಾಜಧಾನಿಯ ಸ್ಥಾನ ಹೋಯಿತು. ಆ ಡಿಸೆಂಬರ್‌ನ ಚುನಾವಣೆಯಲ್ಲಿ ಬಲಪಂಥೀಯ ಲೊರಾಂ ವೊಕಿಯೇ ಅವರ ಪಟ್ಟಿ ಶೇ 40ರ ಆಸುಪಾಸಿನ ಮತ ಪಡೆದು 113 ಸ್ಥಾನ ಗೆದ್ದಿತು. ಕೇರಾನ್ ಅವರ ಎಡಕೂಟಕ್ಕೆ 57, ಫ್ರಂಟ್‌ಗೆ 34. ಹಳೆಯ ನಿಯಮವಿದ್ದಿದ್ದರೆ ಇದು 1998ರ ಪುನರಾವರ್ತನೆಯೇ ಆಗುತ್ತಿತ್ತು. ಬೋನಸ್ ತನ್ನ ಕೆಲಸ ಮಾಡಿತು.

ಆದರೆ ಅದೇ ಚುನಾವಣೆಯಲ್ಲಿ ಅದರ ಇನ್ನೊಂದು ಮುಖವೂ ಕಂಡಿತು. ಉತ್ತರದ ಲಿಲ್ ಮತ್ತು ದಕ್ಷಿಣದ ಮಾರ್ಸೇ ಕೇಂದ್ರಗಳಾಗಿರುವ ಎರಡು ಪ್ರಾಂತಗಳಲ್ಲಿ ಫ್ರಂಟ್ ಮೊದಲ ಸುತ್ತಿನಲ್ಲಿ ಮುಂದಿತ್ತು. ಮೊದಲ ಸ್ಥಾನ ಪಡೆದವರಿಗೆ ಬೋನಸ್ ಹೋಗುವುದರಿಂದ ಮತ ಹಂಚಿಹೋದರೆ ಪ್ರಾಂತವೇ ಫ್ರಂಟ್ ಪಾಲು. ಅದನ್ನು ತಪ್ಪಿಸಲು ಸಮಾಜವಾದಿಗಳು ಎರಡನೆಯ ಸುತ್ತಿನಿಂದ ಹಿಂದೆ ಸರಿದರು. ಬಲಪಂಥದ ಕ್ಸೇವಿಯರ್ ಬೆರ್ಟ್ರಾಂ ಮತ್ತು ಕ್ರಿಸ್ಚಿಯನ್ ಎಸ್ತ್ರೋಸಿ ಗೆದ್ದರು. ಪರಿಣಾಮವಾಗಿ ಮುಂದಿನ ಚುನಾವಣೆಯವರೆಗೆ ಆ ಎರಡು ಸಭೆಗಳಲ್ಲಿ ಎಡಪಂಥದ ಒಬ್ಬನೇ ಒಬ್ಬ ಸದಸ್ಯನಿರಲಿಲ್ಲ. ಇದ್ದ ಏಕೈಕ ವಿರೋಧಪಕ್ಷ ಫ್ರಂಟ್. 1998ರಲ್ಲಿ ಬಲಾದೂರ್ ಬಿಟ್ಟುಕೊಟ್ಟದ್ದು ಪೀಠವನ್ನು. 2015ರಲ್ಲಿ ಎಡಪಕ್ಷಗಳು ಬಿಟ್ಟುಕೊಟ್ಟದ್ದು ಸಭೆಯಲ್ಲಿ ಮಾತನಾಡುವ ಹಕ್ಕನ್ನೇ. ಆಲ್ಸಸ್ ಒಳಗೊಂಡ ಪೂರ್ವದ ಪ್ರಾಂತದಲ್ಲಿ ಜಾನ್-ಪಿಯೆರ್ ಮಾಸರೆ ಮಾತ್ರ ಪಕ್ಷದ ಆದೇಶ ಮೀರಿ ಕಣದಲ್ಲಿ ಉಳಿದರು. ಅಲ್ಲಿಯೂ ಫ್ರಂಟ್ ಗೆಲ್ಲಲಿಲ್ಲ.

ಮತದಾರರು ಇದನ್ನೆಲ್ಲ ದೂರದಿಂದ ನೋಡುತ್ತಿದ್ದರು. 1998ರಲ್ಲಿ ಶೇ 58ರಷ್ಟಿದ್ದ ಮತದಾನ 2021ರ ಜೂನ್‌ನಲ್ಲಿ ಮೂರನೇ ಒಂದು ಭಾಗಕ್ಕೆ ಕುಸಿಯಿತು. ಕೋವಿಡ್ ಒಂದು ಕಾರಣ, ಅದೊಂದೇ ಕಾರಣವಲ್ಲ. ವೊಕಿಯೇ ಶೇ 55ರಷ್ಟು ಮತ ಪಡೆದು ಸಭೆಯ ಮೂರನೇ ಎರಡರಷ್ಟು ಸ್ಥಾನಗಳನ್ನು ಗೆದ್ದರು. ಮತದಾರರ ಪಟ್ಟಿಯಲ್ಲಿದ್ದವರ ಲೆಕ್ಕದಲ್ಲಿ ಅದು ಐದರಲ್ಲೊಂದು ಪಾಲಿಗಿಂತ ಕಡಿಮೆ. 2024ರಲ್ಲಿ ಅವರು ಸಂಸತ್ತಿಗೆ ಆರಿಸಿಬಂದಾಗ, ಎರಡು ಪದವಿ ಒಟ್ಟಿಗೆ ಹೊಂದಬಾರದೆಂಬ 2014ರ ಕಾನೂನಿನಂತೆ ಅಧ್ಯಕ್ಷ ಪೀಠ ಬಿಡಬೇಕಾಯಿತು. ಸದಸ್ಯರಾಗಿಯೇ ಉಳಿದು, ತಮ್ಮ ಆಪ್ತರಾದ ಪಾನ್‌ಕೂಕ್ ಅವರಿಗೆ ಪೀಠ ಒಪ್ಪಿಸಿದರು. ಅಂದಿನ ಮತದಾನದ ಫಲಿತಾಂಶ ಏನಾಗಬಹುದೆಂದು ಯಾರೂ ಉಗುರು ಕಚ್ಚುತ್ತ ಕುಳಿತಿರಲಿಲ್ಲ.

ಪ್ಯಾರಿಸ್‌ನ ಗೊಂದಲ ನೋಡಿದವರಿಗೆ ಈ ನೆಮ್ಮದಿ ಆಕರ್ಷಕವಾಗಿ ಕಾಣುವುದು ಸಹಜ. 1998ರ ಬಿಕ್ಕಟ್ಟಿನ ನಂತರ ಯುಡಿಎಫ್‌ನ ನಾಯಕತ್ವ ವಹಿಸಿಕೊಂಡ ಫ್ರಾನ್ಸ್ವಾ ಬೈರೂ, ಬಾರ್ನಿಯೆ ನಂತರ ಪ್ರಧಾನಿಯಾಗಿ ಸಂಸತ್ತಿಗೆ ಅನುಪಾತದ ಪದ್ಧತಿ ತರಬೇಕೆಂದು ಪ್ರತಿಪಾದಿಸಿದರು. 2025ರ ಸೆಪ್ಟೆಂಬರ್ 8ರಂದು ವಿಶ್ವಾಸಮತ ಸೋತು ಅವರೂ ನಿರ್ಗಮಿಸಿದರು. ಅನುಪಾತದ ಜೊತೆಗೆ ಬೋನಸ್ ಸೇರಿಸಿದರೆ ಸ್ಥಿರತೆಯೂ ಸಿಗುತ್ತದಲ್ಲ ಎಂಬ ವಾದಕ್ಕೆ ಪ್ರಾಂತಗಳ ಉದಾಹರಣೆ ಸಿದ್ಧವಾಗಿದೆ. 2025ರ ಆಗಸ್ಟ್‌ನ ಕಾನೂನು ಪ್ಯಾರಿಸ್, ಲಿಯಾನ್, ಮಾರ್ಸೇ ನಗರಸಭೆಗಳ ಬೋನಸ್ಸನ್ನೂ ಅರ್ಧದಿಂದ ಕಾಲು ಭಾಗಕ್ಕೆ ಇಳಿಸಿ ಪ್ರಾಂತಗಳ ಮಟ್ಟಕ್ಕೆ ತಂದಿದೆ. ಶಾಲೆ ಕಟ್ಟುವ, ರೈಲು ಓಡಿಸುವ ಸಂಸ್ಥೆಗೆ ಸ್ಥಿರ ಕಾರ್ಯಾಂಗ ಬೇಕು, ಅಲ್ಲಿ ಬೋನಸ್ಸನ್ನು ಸಮರ್ಥಿಸಬಹುದು. ಶಾಸನ ಮಾಡುವ, ಸರ್ಕಾರಗಳನ್ನು ಪ್ರಶ್ನಿಸುವ ಸಂಸತ್ತಿಗೆ ಅದೇ ಅಳತೆಯ ಅಂಗಿ ಹೊಲಿಸುವುದು ಅಪಾಯಕರ.

ಅಪಾಯ ಎಲ್ಲಿದೆಯೆಂಬುದನ್ನು ಲೆಕ್ಕವೇ ಹೇಳುತ್ತದೆ. ಕಾಲು ಭಾಗ ಬೋನಸ್ ಇರುವಲ್ಲಿ, ಉಳಿದವರ ಮತ ಹಂಚಿಹೋಗಿ ಮೊದಲ ಸ್ಥಾನ ಸಿಕ್ಕರೆ, ಬಹುಮತಕ್ಕೆ ಬೇಕಾಗುವುದು ಮೂರನೇ ಒಂದಕ್ಕಿಂತ ತುಸು ಹೆಚ್ಚು ಮತ. 1998ರಲ್ಲಿ ಫ್ರಂಟ್‌ನ ಮತ ದೇಶದಾದ್ಯಂತ ಸುಮಾರು ಶೇ 15 ಇತ್ತು. ಅಂಥ ಪಕ್ಷ ಪೀಠದ ಬೆಲೆ ನಿರ್ಧರಿಸುವ ಮಧ್ಯವರ್ತಿಯಾಗಬಾರದೆಂದೇ ಬೋನಸ್ ಹುಟ್ಟಿತು. ಅದರ ಉತ್ತರಾಧಿಕಾರಿಯಾದ ನ್ಯಾಷನಲ್ ರ‍್ಯಾಲಿ 2024ರ ಜೂನ್‌ನ ಯುರೋಪ್ ಸಂಸತ್ತಿನ ಚುನಾವಣೆಯಲ್ಲಿ ಪಡೆದದ್ದು ಶೇ 31ಕ್ಕೂ ಹೆಚ್ಚು. ಈಗಿನ ಪ್ರಾಂತೀಯ ಪರಿಷತ್ತುಗಳ ಅವಧಿ ಮುಗಿಯುವುದು 2028ರ ಮಾರ್ಚ್‌ನಲ್ಲಿ. ಲಿಯಾನ್‌ನ 204 ಸ್ಥಾನಗಳ ಸಭೆಯಲ್ಲಿ ಶೇ 34 ಮತ ಪಡೆದು ಮೊದಲ ಸ್ಥಾನಕ್ಕೆ ಬಂದ ಪಟ್ಟಿಗೆ ಬೋನಸ್ 51, ಅನುಪಾತದ ಪಾಲು 52, ಒಟ್ಟು 103. ಬಹುಮತಕ್ಕೆ ಬೇಕಾದದ್ದೂ 103.